ಕೂಡುವ ಲೆಕ್ಕ ಕಲಿಸಲು ಅಬಾಕಸ್ಸೋ, ಗೆರೆಯೋ, ನೋಟೋ? ಮನೆಯಲ್ಲಿ ಮಾಡಿ ನೋಡಿದ್ದು

47ಕ್ಕೆ 38 ಕೂಡು ಅಂದರೆ ಮಗಳು 715 ಅಂತ ಬರೆದಿದ್ದಳು. ಏಳೂ ಎಂಟೂ ಹದಿನೈದು, ನಾಲ್ಕೂ ಮೂರೂ ಏಳು, ಎರಡನ್ನೂ ಪಕ್ಕಪಕ್ಕ ಇಟ್ಟಿದ್ದಾಳೆ. ಮೂರನೇ ಕ್ಲಾಸು. ಅದೂ ನಾಲ್ಕು ತಿಂಗಳು ಅಬಾಕಸ್ ಕ್ಲಾಸಿಗೆ ಹೋಗಿ ಬಂದ ಮೇಲೆ. ತಿಂಗಳಿಗೆ 900 ರೂಪಾಯಿ ಫೀಸು, ಶುರುವಿನಲ್ಲಿ ಪುಸ್ತಕ, ಅಬಾಕಸ್ ಅಂತ 1,200. ಒಟ್ಟು 4,800 ರೂಪಾಯಿ. ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಐವತ್ತು ಕೂಡ ದಾಟದ ಎರಡು ಸಂಖ್ಯೆ ಸೇರಿ ಏಳುನೂರು ಚಿಲ್ಲರೆ ಹೇಗಾಗುತ್ತದೆ ಅಂತ ಅವಳಿಗೆ ಅನ್ನಿಸಲೇ ಇಲ್ಲ.

ಆಮೇಲೆ ಎರಡು ತಿಂಗಳು ಮನೆಯಲ್ಲೇ ಬೇರೆ ಬೇರೆ ದಾರಿ ಮಾಡಿ ನೋಡಿದೆವು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಆಟದ ನೋಟು ಇಟ್ಟುಕೊಂಡು ಸಂಖ್ಯೆಯನ್ನು ಬಿಡಿಸಿ ಕೂಡುವುದಕ್ಕೆ.

ಆದರೆ ಅಬಾಕಸ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ನಾವು ಸಿಕ್ಕಿಹಾಕಿಕೊಂಡಿದ್ದು ಅಲ್ಲೇ. ಪ್ರತಿ ಕಡ್ಡಿಯಲ್ಲಿ ಮೇಲೆ ಒಂದು ಮಣಿ, ಅದರ ಬೆಲೆ ಐದು. ಕೆಳಗೆ ನಾಲ್ಕು ಮಣಿ, ಒಂದೊಂದರ ಬೆಲೆ ಒಂದು. 6 ಇಟ್ಟು 7 ಕೂಡಬೇಕು ಅಂದುಕೊಳ್ಳಿ. ಆ ಕಡ್ಡಿಯಲ್ಲಿ ಏಳಕ್ಕೆ ಜಾಗ ಇಲ್ಲ. ಪಕ್ಕದ ಕಡ್ಡಿಯಲ್ಲಿ ಹತ್ತು ಹಾಕಿ, ಇಲ್ಲಿ ಮೂರು ತೆಗೆಯಬೇಕು. ಏಳರ 'ದೊಡ್ಡ ಫ್ರೆಂಡ್' ಮೂರು, ಅಂದರೆ ಎರಡೂ ಸೇರಿ ಹತ್ತು, ಅಂತ ಕಲಿಸಿರುತ್ತಾರೆ. ಆದರೆ ಕೆಳಗೆ ಇರುವುದು ಒಂದೇ ಮಣಿ, ಮೂರು ಎಲ್ಲಿಂದ ತೆಗೆಯುವುದು? ಅದಕ್ಕೆ ಮೇಲಿನ ಐದನ್ನು ತೆಗೆದು, ಕೆಳಗೆ ಎರಡು ಏರಿಸಬೇಕು. ಮೂರರ 'ಸಣ್ಣ ಫ್ರೆಂಡ್' ಎರಡು, ಸೇರಿದರೆ ಐದು. ಒಂದು 6+7ಕ್ಕೆ ಎರಡು ನಿಯಮ, ಮೂರು ಸಲ ಬೆರಳು.

ಬೆರಳೇನೋ ಚೆನ್ನಾಗಿಯೇ ಓಡುತ್ತಿತ್ತು. ನೋಡುವುದಕ್ಕೆ ಖುಷಿ. ಒಂದು ಭಾನುವಾರ ಪಕ್ಕದಲ್ಲಿ ಕೂತು ಕೇಳಿದೆ, "ಕೂಡುವ ಲೆಕ್ಕದಲ್ಲಿ ಮೂರು ಯಾಕೆ ತೆಗೆದೆ ಪುಟ್ಟಿ?" "ಏಳಕ್ಕೆ ಮೂರು ಅಲ್ವಾ ಅಮ್ಮಾ, ಮಿಸ್ ಹಾಗೇ ಹೇಳಿಕೊಟ್ಟಿದ್ದು." ಅಷ್ಟೇ ಉತ್ತರ. ಏಳು ರೂಪಾಯಿ ಕೊಡಬೇಕಾದ ಕಡೆ ಹತ್ತರ ನೋಟು ಕೊಟ್ಟು ಮೂರು ರೂಪಾಯಿ ವಾಪಸ್ ತಗೊಂಡ ಹಾಗೆ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ನಿಯಮ ಬಾಯಿಪಾಠ ಆಗಿತ್ತು. ಶಾಲೆಯ ನೋಟ್‌ಬುಕ್ಕಿನಲ್ಲಿ ಮಣಿ ಇಲ್ಲವಲ್ಲ, ಅಲ್ಲಿ ಆ ನಿಯಮ ಕೆಲಸಕ್ಕೆ ಬರಲಿಲ್ಲ. ಮಣಿ ಇಲ್ಲದೆ ಮನಸ್ಸಿನಲ್ಲೇ ಎಣಿಸುವ ಮಟ್ಟಕ್ಕೆ ಬರಬೇಕಾದರೆ ತುಂಬಾ ದಿನದ ಅಭ್ಯಾಸ ಬೇಕು. ದಿನಾ ಅರ್ಧ ಗಂಟೆ ಕೂರಿಸಬೇಕು. ಕೆಲಸ ಮುಗಿಸಿ ನಾನು ಮನೆ ಸೇರುವುದೇ ಏಳು ಗಂಟೆಗೆ. ಪಕ್ಕದ ಮನೆ ಹುಡುಗ ದಿನಾ ಕೂರುತ್ತಾನೆ, ಅವನಿಗೆ ಚೆನ್ನಾಗಿ ಒಗ್ಗಿದೆ. ನಮಗೆ ಒಗ್ಗಲಿಲ್ಲ.

ಬಿಡಿ ಕಡ್ಡಿಗಳನ್ನು ಹತ್ತತ್ತರ ಕಟ್ಟು ಮಾಡಿ ಎಣಿಸುವುದು: ಒಂದನೇ, ಎರಡನೇ ಕ್ಲಾಸಿಗೆ ಒಳ್ಳೆಯದು. ನೂರು ದಾಟಿದರೆ ಎಣಿಸುವುದರಲ್ಲೇ ಸಂಜೆ ಹೋಗುತ್ತದೆ.

ಖಾಲಿ ಗೆರೆ ಎಳೆದು ಅದರ ಮೇಲೆ ಒಂದು ಸಂಖ್ಯೆಯಿಂದ ಇನ್ನೊಂದಕ್ಕೆ ಹಾರುವ ವಿಧಾನ ನನಗೂ ಹೊಸದು, ನೆದರ್‌ಲ್ಯಾಂಡ್ಸ್‌ನ ಶಾಲೆಗಳಲ್ಲಿ ಬೆಳೆದದ್ದಂತೆ. 47ರಲ್ಲಿ ನಿಂತು 30 ಹಾರಿದರೆ 77, ಮೂರು ಹಾರಿದರೆ 80, ಇನ್ನೈದು, 85. 298+147 ಥರದ ಲೆಕ್ಕಕ್ಕೆ ಇದಕ್ಕಿಂತ ಚೆಂದದ ದಾರಿ ಇಲ್ಲ. ಎರಡು ಹಾರಿ ಮುನ್ನೂರು, ಉಳಿದ 145 ಸೇರಿಸಿದರೆ ಮುಗಿಯಿತು. ಆದರೆ 368+275 ಕೊಟ್ಟಾಗ ಅವಳು ಹತ್ತತ್ತೇ ಹಾರುತ್ತಾ ಹೋಗಿ ಗೆರೆ ಪುಟದ ಅಂಚು ಮುಟ್ಟಿತು, ಎಷ್ಟು ಹಾರಿದ್ದೀನಿ ಅನ್ನುವುದೇ ಮರೆತುಹೋಯಿತು.

ಈಗ ನೋಟು. ಸ್ಟೇಷನರಿ ಅಂಗಡಿಯಲ್ಲಿ ಆಟದ ನೋಟಿನ ಕಟ್ಟು 60 ರೂಪಾಯಿ. ಅದರಲ್ಲಿ 20, 50, 200, 500 ಎಲ್ಲ ತೆಗೆದಿಡಿ, ಇಲ್ಲದಿದ್ದರೆ ಮಕ್ಕಳಿಗೆ ಗೊಂದಲ. ನೂರು, ಹತ್ತು, ಒಂದು ರೂಪಾಯಿ ನಾಣ್ಯ, ಮೂರೇ ಸಾಕು. ನಾಣ್ಯ ಮನೆಯದೇ. ಒಂದು ಸ್ಟೀಲ್ ಡಬ್ಬಿ ನಮ್ಮ ಬ್ಯಾಂಕು.

ಇದರ ಜೊತೆಗೆ ಸಂಖ್ಯೆಯನ್ನು ಬಾಯಿಬಿಟ್ಟು ಓದಿಸಿದೆ. ಕನ್ನಡದ ಹೆಸರೇ ಅರ್ಧ ಕೆಲಸ ಮಾಡಿಕೊಡುತ್ತದೆ. ನಲವತ್ತೇಳು ಅನ್ನುವುದರಲ್ಲೇ ನಲವತ್ತೂ ಇದೆ, ಏಳೂ ಇದೆ. ಹಿಂದಿಯ ಸೈಂತಾಲೀಸ್‌ನಲ್ಲಿ ಅದು ಇಷ್ಟು ಸುಲಭಕ್ಕೆ ಕಾಣುವುದಿಲ್ಲ. ಶಾಲೆಯ ಲೆಕ್ಕದಲ್ಲಿ ನಾವು 'ನಾಲ್ಕೂ ಮೂರೂ ಏಳು' ಅನ್ನುತ್ತೇವೆ. ಅಲ್ಲಿ ನಲವತ್ತು ಮಾಯವಾಗಿಬಿಡುತ್ತದೆ, 715 ಹುಟ್ಟುವುದೇ ಅಲ್ಲಿ. ಬಿಡಿಸಿ ಹೇಳಿದರೆ ನಲವತ್ತೂ ಮೂವತ್ತೂ ಎಪ್ಪತ್ತು, ಏಳೂ ಎಂಟೂ ಹದಿನೈದು, ಎರಡೂ ಸೇರಿ ಎಂಬತ್ತೈದು. ದೊಡ್ಡದರಿಂದ ಶುರು ಮಾಡುವುದರಿಂದ ಉತ್ತರ ಸುಮಾರು ಎಷ್ಟಿರಬೇಕು ಅಂತ ಮೊದಲೇ ಗೊತ್ತಾಗುತ್ತದೆ.

ಮೂರನೇ ದಿನವೋ ನಾಲ್ಕನೇ ದಿನವೋ, ಚಾಪೆ ಮೇಲೆ ಹದಿನೈದು ನಾಣ್ಯ ಗುಡ್ಡೆ ಹಾಕಿಕೊಂಡಿದ್ದಳು. ಹತ್ತು ಎಣಿಸಿ ಡಬ್ಬಿಗೆ ಹಾಕಿ, ಒಂದು ಹತ್ತರ ನೋಟು ತೆಗೆದು ಉಳಿದ ಏಳು ನೋಟಿನ ಜೊತೆ ಇಟ್ಟಳು. ಇಟ್ಟ ಕೈ ಹಾಗೇ ನಿಂತಿತು. "ಅಮ್ಮಾ, ಮಿಸ್ ಮೇಲೆ ಬರೆಸುವ ಒಂದು ಇದೇನಾ?" ನಾನು ಚಪಾತಿ ಲಟ್ಟಿಸುವುದು ಬಿಟ್ಟು ಬಂದು ಪಕ್ಕದಲ್ಲಿ ಕೂತೆ. ಶಾಲೆಯವರು ದಶಕ ಅನ್ನುವುದು ಇದನ್ನೇ ಅಂತ ಹೇಳಿದೆ.

ತೊಂದರೆ ಇಲ್ಲ ಅಂತಲ್ಲ. ಬರೆಯುವಾಗ 70ರ ಸೊನ್ನೆ ಬಿಟ್ಟುಹೋಗುತ್ತದೆ. ಶಾಲೆಯಲ್ಲಿ ದಶಕ ಮೇಲೆ ಬರೆಯದಿದ್ದರೆ ಮಾರ್ಕ್ಸ್ ಕೊಡುವುದಿಲ್ಲ, ಒಂದು ಟೆಸ್ಟಿನಲ್ಲಿ ಉತ್ತರ ಸರಿ ಇದ್ದೂ ಮಾರ್ಕ್ಸ್ ಹೋಯಿತು. ನಾನು ಜಗಳಕ್ಕೆ ಹೋಗಲಿಲ್ಲ. ನೋಟಿನಲ್ಲಿ ಅರ್ಥವಾದ ಮೇಲೆ ಶಾಲೆಯ ಕ್ರಮ ಒಂದೇ ವಾರದಲ್ಲಿ ಬಂತು, ಈಗ ಪರೀಕ್ಷೆಗೆ ಅದು, ಮನೆಯಲ್ಲಿ ಇದು.

ನಿಮ್ಮ ಹತ್ತಿರ ದಿನಾ ಕೂರಿಸುವ ಸಮಯ, ಫೀಸಿಗೆ ದುಡ್ಡು ಎರಡೂ ಇದ್ದು ಮಗುವಿಗೂ ಇಷ್ಟವಾದರೆ ಅಬಾಕಸ್ ಕಲಿಸಿ, ಬೇಡ ಅನ್ನುವುದಿಲ್ಲ. ನನ್ನ ಹತ್ತಿರ ಇರುವುದು ಅಡುಗೆ ಮಧ್ಯೆ ಸಿಗುವ ಇಪ್ಪತ್ತು ನಿಮಿಷ. ಎರಡನೇ ಲೆವೆಲ್‌ಗೆ ಫೀಸು ಕಟ್ಟಲಿಲ್ಲ.

ಈಗ ಶಾಲೆಯಲ್ಲಿ ಕಳೆಯುವ ಲೆಕ್ಕ ನಡೆಯುತ್ತಿದೆ. ನಿನ್ನೆ 300ರಲ್ಲಿ 128 ಕಳೆ ಅಂದಾಗ ಪೆನ್ಸಿಲ್ ಮುಟ್ಟಲಿಲ್ಲ. ಡಬ್ಬಿ ಎಳೆದುಕೊಂಡು, ಮೊದಲು ಒಂದು ನೂರರ ನೋಟಿಗೆ ಚಿಲ್ಲರೆ ಮಾಡಿಸಬೇಕು ಅಂದಳು.