ತಾಳ ಹಾಕುವ ಕೈ ಕಾಣಬೇಕು: ವಿಡಿಯೊ ಪಾಠಕ್ಕೆ ಕೊಂಡ ನೀಲಿ ಖಾದಿ

ನಾನು ಹಿಂದೂಸ್ತಾನಿ ಗಾಯನ ಕಲಿಸುವವಳು. ಮನೆ ಶಿರಸಿ ಪೇಟೆಯಿಂದ ಒಂಬತ್ತು ಕಿಲೋಮೀಟರ್ ಆಚೆ, ಅಡಿಕೆ ತೋಟದ ಪಕ್ಕದಲ್ಲಿ. ಕಲಿಯುವವರಲ್ಲಿ ಇಬ್ಬರು ಕುಮಟಾದವರು, ನಾಲ್ವರು ಬೆಂಗಳೂರಿನವರು, ಮೂವರು ಮಕ್ಕಳು ನ್ಯೂಜೆರ್ಸಿಯಲ್ಲಿದ್ದಾರೆ. ಪಾಠ ಎಲ್ಲ ವಿಡಿಯೊ ಕಾಲ್‌ನಲ್ಲೇ. ಮೊದಲ ಪಾಠ ಬೆಳಿಗ್ಗೆ 5:30ಕ್ಕೆ. ಬೇಸಿಗೆಯಲ್ಲಾದರೆ ಆ ಮಕ್ಕಳಿಗೆ ಅದು ಹಿಂದಿನ ರಾತ್ರಿ 8 ಗಂಟೆ.

ಎಂಟು ತಿಂಗಳ ಹಿಂದೆ ಶಿರಸಿಯ ಸಿ.ಪಿ. ಬಜಾರ್‌ನ ಒಂದು ಹಳೆಯ ಜವಳಿ ಅಂಗಡಿಯಲ್ಲಿ ಎರಡೂವರೆ ಮೀಟರ್ ಕಡು ನೀಲಿ ಖಾದಿ ಕೊಂಡೆ. ಮೀಟರಿಗೆ 320 ರೂಪಾಯಿ. ಹೊಲಿಗೆಗೆ 450. ಅದರ ಬಗ್ಗೆ ಬರೆಯುತ್ತೇನೆ. ಆದರೆ ಅದಕ್ಕೆ ಮೊದಲು ಮೂರು ಬಟ್ಟೆ ಸೋತ ಕಥೆ ಹೇಳಬೇಕು. ಇಲ್ಲದಿದ್ದರೆ ಒಂದು ಸಾದಾ ಕುರ್ತಾವನ್ನು ಯಾಕಿಷ್ಟು ಹೊಗಳುತ್ತಿದ್ದೇನೆ ಅಂತ ತಿಳಿಯುವುದಿಲ್ಲ.

ಮೊದಲು ಸೋತದ್ದು ನನಗೆ ತುಂಬಾ ಇಷ್ಟವಾದ ಇಳಕಲ್ ಸೀರೆ. ಅದರ ಒಡಲಿನ ತುಂಬ ಸಣ್ಣ ಸಣ್ಣ ಚೌಕಳಿ. ಸೆರಗಿನ ನೂಲನ್ನು ಒಡಲಿನ ನೂಲಿಗೆ ಕೊಂಡಿ ಹಾಕಿ ಸೇರಿಸುವ ಆ ನೇಯ್ಗೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಮನಸ್ಸು ತುಂಬುತ್ತದೆ. ಗುರುಪೂರ್ಣಿಮೆ ದಿನ ಅದನ್ನು ಉಟ್ಟು ಪಾಠಕ್ಕೆ ಕೂತೆ. ಭೂಪ್ ರಾಗದ ಬಂದಿಶ್, ಅಂದರೆ ಆ ರಾಗಕ್ಕೆ ಕಟ್ಟಿದ ಹಾಡು, ಹೇಳಿಕೊಡುತ್ತಿದ್ದೆ. ಹತ್ತು ನಿಮಿಷ ಆಗಿರಬಹುದು, ಚಿಕ್ಕ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ನಿಮ್ಮ ಸೀರೆ ಯಾಕೆ ನೀರಿನ ಹಾಗೆ ಓಡುತ್ತಿದೆ?"

ನನಗೆ ಇಲ್ಲಿ ಏನೂ ಕಾಣುತ್ತಿರಲಿಲ್ಲ. ಅವಳ ಅಮ್ಮ ಆ ಕಡೆಯಿಂದ ಪರದೆಯ ಫೋಟೊ ತೆಗೆದು ಕಳಿಸಿದರು. ಸೀರೆಯ ಮೇಲೆ ಇಲ್ಲದ ಅಲೆ ಅಲೆ ಗೆರೆಗಳು, ಕಾಮನಬಿಲ್ಲಿನ ಬಣ್ಣದಲ್ಲಿ. ಮುಖ ಮಾತ್ರ ಕಲಸಿಹೋಗಿತ್ತು. ಕ್ಯಾಮೆರಾ ಚಿತ್ರವನ್ನು ಚುಕ್ಕಿಗಳ ಸಾಲಿನಲ್ಲಿ ಹಿಡಿಯುತ್ತದೆ. ಬಟ್ಟೆಯ ಗೆರೆಗಳು ಆ ಸಾಲಿನಷ್ಟೇ ಒತ್ತಾಗಿದ್ದರೆ ಎರಡೂ ಒಂದರ ಮೇಲೊಂದು ಬಿದ್ದು ಮೂರನೆಯದೊಂದು ವಿನ್ಯಾಸ ಹುಟ್ಟುತ್ತದೆ. ಎರಡು ಸೊಳ್ಳೆಪರದೆಗಳನ್ನು ಒಂದರ ಹಿಂದೆ ಒಂದು ಹಿಡಿದು ಸ್ವಲ್ಪ ಅಲ್ಲಾಡಿಸಿ ನೋಡಿ, ಅದೇ ಅಲೆ ಕಾಣುತ್ತದೆ. ಇದನ್ನು ಮೋಯ್ರೆ ಎನ್ನುತ್ತಾರೆ. ಇನ್ನೊಂದು ತೊಂದರೆಯೂ ಇದೆ. ನೆಟ್ ನಿಧಾನ ಇದ್ದಾಗ ಕಳಿಸಬಹುದಾದ ವಿವರವೇ ಕಡಿಮೆ. ಮೈ ಅಲುಗಿದಾಗಲೆಲ್ಲ ಚೌಕಳಿ ಬದಲಾಗುತ್ತಲೇ ಇರುತ್ತದೆ, ಇದ್ದಷ್ಟರಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಮುಖಕ್ಕೆ ಉಳಿಯುವುದು ಕಡಿಮೆ. ನಮ್ಮ ಕಡೆ ಮಳೆಗಾಲದ ನೆಟ್ ಹೇಗಿರುತ್ತದೆ ಗೊತ್ತಲ್ವಾ?

ಗುಳೇದಗುಡ್ಡದ ಖಣದ ಕುಪ್ಪಸದ್ದೂ ಇದೇ ಪಾಡಾಯಿತು. ಅದರ ಪುಟ್ಟ ಹೂಗಳು ತೋಳಿನ ಮೇಲೆ ಮಿಣಮಿಣ ಅನ್ನುತ್ತಿದ್ದವು.

ಎರಡನೆಯದು ಬಿಳಿ ಕುರ್ತಾ. ಸಂಗೀತದವರಿಗೆ ಬಿಳಿ ಒಪ್ಪುತ್ತದೆ ಅಂತ ಕೊಂಡಿದ್ದೆ. ಫೋನು ಚಿತ್ರದ ಒಟ್ಟು ಬೆಳಕನ್ನು ಅಳೆದು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ಚೌಕಟ್ಟಿನ ಅರ್ಧ ಬಿಳಿ ಬಟ್ಟೆಯೇ ತುಂಬಿದರೆ, ಬೆಳಕು ಜಾಸ್ತಿ ಆಯಿತು ಎಂದುಕೊಂಡು ಎಲ್ಲವನ್ನೂ ಮಂಕು ಮಾಡುತ್ತದೆ. ನನ್ನದು ಕಪ್ಪು ಮೈಬಣ್ಣ. ಮುಖ ಕತ್ತಲಾಯಿತು. 'ಆ'ಕಾರಕ್ಕೆ ಬಾಯಿ ಎಷ್ಟು ತೆರೆಯಬೇಕು ಅನ್ನುವುದನ್ನು ಮಕ್ಕಳು ನೋಡಿ ಕಲಿಯಬೇಕು. ಬಾಯೇ ಕಾಣದಿದ್ದರೆ ಏನು ಕಲಿಸಿದ ಹಾಗಾಯಿತು?

ಮೂರನೆಯದು ತಿಳಿ ಕಂದು ಬಣ್ಣದ್ದು. ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದ್ದು. ಫೋಟೊದಲ್ಲಿ ಹತ್ತಿ ಅಂತಿತ್ತು, ಬಂದದ್ದು ಹೊಳೆಯುವ ನೈಲಾನಿನಂಥ ಬಟ್ಟೆ. ಮರಳಿಸಲು ನೋಡಿದರೆ ನಮ್ಮ ಊರಿನ ಪಿನ್‌ಕೋಡಿಗೆ ಬಂದು ಒಯ್ಯುವ ಸೌಲಭ್ಯ ಇಲ್ಲ ಎಂದರು. ಆ ಹೊಳಪು ಹಾಗಿರಲಿ, ಅಸಲು ಸಮಸ್ಯೆ ಬಣ್ಣದ್ದು. ತೀನ್‌ತಾಲದ 16 ಮಾತ್ರೆಯಲ್ಲಿ (ಎಣಿಕೆಯಲ್ಲಿ) 1, 5, 13ಕ್ಕೆ ಚಪ್ಪಾಳೆ, 9ಕ್ಕೆ ಖಾಲಿ, ಅಂದರೆ ಚಪ್ಪಾಳೆ ಇಲ್ಲ. ಖಾಲಿಗೆ ಅಂಗೈ ಮೇಲಾಗುತ್ತದೆ. ನೆಟ್‌ನಲ್ಲಿ ದನಿ ತಡವಾಗಿ ತಲುಪುವುದರಿಂದ ಗುರುವೂ ಶಿಷ್ಯನೂ ಒಟ್ಟಿಗೆ ಹಾಡಲು ಆಗುವುದಿಲ್ಲ. ನಾನು ಹಾಡಿ ನಿಲ್ಲಿಸಬೇಕು, ಆಮೇಲೆ ಅವರು. ಹಾಗಾಗಿ ನಾನು ಹಾಡುವಾಗ ನನ್ನ ಕೈ ನೋಡಿಕೊಂಡೇ ಮಕ್ಕಳು ಲಯ ಹಿಡಿಯುತ್ತಾರೆ. ಕೈಯನ್ನು ತೊಡೆಯ ಮೇಲೆ ಇಟ್ಟರೆ ಕಾಣುವುದಿಲ್ಲ ಅಂತ ಎದೆಯ ಮುಂದೆ ಎತ್ತಿ ತಾಳ ಹಾಕುತ್ತೇನೆ. ಅಂದರೆ ನನ್ನ ಬಟ್ಟೆಯೇ ನನ್ನ ಕೈಗೆ ಹಿನ್ನೆಲೆ. ಕೈಯ ಬಣ್ಣಕ್ಕೇ ಹತ್ತಿರದ ಬಟ್ಟೆ ಹಾಕಿದ ದಿನ ಕುಮಟಾದ ಹುಡುಗ ಮೂರು ಸಲ ಖಾಲಿ ತಪ್ಪಿದ. ನಾನು ಅವನನ್ನೇ ಗದರಿದೆ. ಆಮೇಲೆ ಗೊತ್ತಾಯಿತು, ಅವನಿಗೆ ಕೈ ಕಂಡೇ ಇರಲಿಲ್ಲ. ಆ ಮಗುವಿಗೆ ಬೈದದ್ದು ನನಗೆ ಇಂದಿಗೂ ಬೇಸರ.

ಆ ಸಂಜೆಯೇ ಬೆಂಗಳೂರಿನಲ್ಲಿರುವ ಅಣ್ಣನ ಮಗಳಿಗೆ ಫೋನು ಮಾಡಿದೆ. ಅವಳು ಒಂದು ಮುಖ್ಯ ಮಾತು ಹೇಳಿದಳು. ನಮ್ಮ ಫೋನಿನಲ್ಲಿ ನಮಗೆ ಕಾಣುವ ನಮ್ಮ ಚಿತ್ರ ಕ್ಯಾಮೆರಾದಿಂದ ನೇರ ಬಂದದ್ದು. ಆ ಕಡೆಯವರಿಗೆ ಹೋಗುವುದು ಹಿಂಡಿ ಚಿಕ್ಕದು ಮಾಡಿದ ಚಿತ್ರ. ಹಾಗಾಗಿ ಇಲ್ಲೇ ಕೂತು ಪರೀಕ್ಷೆ ಮಾಡಿ ಉಪಯೋಗ ಇಲ್ಲ. "ಅತ್ತೆ, ಅಂಗಡಿಗೆ ಹೋದಾಗ ನನಗೆ ವಿಡಿಯೊ ಕಾಲ್ ಮಾಡು. ಇಲ್ಲಿ ಹೇಗೆ ಕಾಣುತ್ತದೆ ಅಂತ ನಾನು ಹೇಳುತ್ತೇನೆ" ಎಂದಳು.

ಹಾಗೇ ಮಾಡಿದೆವು. ಸಿ.ಪಿ. ಬಜಾರ್‌ನ ಆ ಅಂಗಡಿಗೆ ಮೊದಲ ಅಂಕ ಕೊಡುವುದು ಇದಕ್ಕೇ. ಗಲ್ಲಾಪೆಟ್ಟಿಗೆಯ ಹತ್ತಿರ ಕೂರುವ ಹಿರಿಯರು ಒಂದಿಷ್ಟೂ ಬೇಸರ ಮಾಡಿಕೊಳ್ಳಲಿಲ್ಲ. ಹನ್ನೊಂದು ಥಾನು ಬಿಚ್ಚಿಸಿದೆ. ಒಳಗಿನ ಟ್ಯೂಬ್‌ಲೈಟಿನಲ್ಲಿ ಬಣ್ಣ ಸರಿಯಾಗಿ ತಿಳಿಯುತ್ತಿಲ್ಲ ಎಂದಾಗ, "ಬಾ ತಂಗಿ, ಬಾಗಿಲ ಹತ್ತಿರ ಹಿಡಿದು ತೋರಿಸು" ಅಂತ ತಾವೇ ಎದ್ದು ಜಾಗ ಮಾಡಿಕೊಟ್ಟರು. ಒಬ್ಬ ಹುಡುಗ ಬಟ್ಟೆಯನ್ನು ನನ್ನ ಹೆಗಲ ಮೇಲಿಂದ ಇಳಿಬಿಟ್ಟು ಹಿಡಿದ. ನಾನು ಅದರ ಮುಂದೆ ಕೈ ಎತ್ತಿ ತೀನ್‌ತಾಲ ಹಾಕಿದೆ. ಆ ಕಡೆಯಿಂದ ಅವಳು ಒಂದೊಂದಕ್ಕೂ ಹೇಳುತ್ತಿದ್ದಳು.

ಕುಂಕುಮದ ಕೆಂಪು ಬೇಡ ಎಂದಳು, ಗಲ್ಲದ ಕೆಳಗೆಲ್ಲ ಕೆಂಪು ಚೆಲ್ಲಿದ ಹಾಗೆ ಕಾಣುತ್ತದೆ. ವಿಡಿಯೊ ಕಳಿಸುವಾಗ ಸಾಮಾನ್ಯವಾಗಿ ಬೆಳಕಿನ ವಿವರ ಪ್ರತಿ ಚುಕ್ಕಿಗೂ ಹೋದರೆ, ಬಣ್ಣದ ವಿವರ 4 ಚುಕ್ಕಿಗೆ ಒಂದರಂತೆ ಹೋಗುತ್ತದಂತೆ. ಅದಕ್ಕೇ ಗಾಢ ಕೆಂಪಿನ ಅಂಚು ಕದಡುವುದು. ಕಪ್ಪು ಬಟ್ಟೆಯಲ್ಲಿ ಕೈ ಚೆನ್ನಾಗಿ ಕಂಡಿತು, ಆದರೆ ನೆರಿಗೆಯೂ ಇಲ್ಲ ತೋಳೂ ಇಲ್ಲ, ಒಂದು ತೂತು ಕೂತ ಹಾಗೆ. ಹಳದಿ ಬಟ್ಟೆಯ ಬಣ್ಣ ಕುತ್ತಿಗೆಗೆ ಬಡಿಯಿತು. ಬಾಟಲಿ ಹಸಿರು ಮತ್ತು ಈ ಕಡು ನೀಲಿ ಎರಡೂ ಗೆದ್ದವು. ನೀಲಿಯ ಮೇಲೆ ಅಂಗೈ ತಿರುಗಿಸಿದ್ದು ಸ್ಪಷ್ಟ ಕಾಣುತ್ತಿದೆ ಎಂದಳು. ಮುಗಿಯಿತು, ಅದನ್ನೇ ಕತ್ತರಿಸಿಕೊಡಿ ಎಂದೆ.

ಖಾದಿಯೇ ಯಾಕೆ ಅಂದರೆ, ಅದಕ್ಕೆ ಹೊಳಪಿಲ್ಲ. ಕೈಯಿಂದ ತೆಗೆದ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಪೂರ. ಬೆಳಕು ಅದರ ಮೇಲೆ ಬಿದ್ದು ಚದುರುತ್ತದೆ, ಕನ್ನಡಿಯ ಹಾಗೆ ತಿರುಗಿ ಕಣ್ಣಿಗೆ ಹೊಡೆಯುವುದಿಲ್ಲ. ಬೆಳಗಿನ ಪಾಠಕ್ಕೆ ನನಗೆ ಸೂರ್ಯನಿಲ್ಲ, ಎದುರಿಗೆ ಒಂದು ಎಲ್‌ಇಡಿ ಬಲ್ಬ್ ಅಷ್ಟೇ. ಆ ಹೊಳೆಯುವ ಬಟ್ಟೆಯ ಮೇಲೆ ಬಲ್ಬಿನ ಬಿಳಿ ಕಲೆ ಎದ್ದು ಕಾಣುತ್ತಿತ್ತು. ಖಾದಿಯ ಮೇಲೆ ಏನೂ ಇಲ್ಲ. ಮತ್ತೊಂದು ಗುಣ ದನಿಯದ್ದು. ರೇಷ್ಮೆ ಸೆರಗು, ಗಂಜಿ ಹಾಕಿದ ಸೀರೆ ಕಾಲರ್ ಮೈಕಿಗೆ ತಾಗಿ ಸರಸರ ಎನ್ನುತ್ತವೆ. ಒಗೆದು ಮೆತ್ತಗಾದ ಖಾದಿ ಸದ್ದು ಮಾಡುವುದಿಲ್ಲ. (ಸಂಗೀತ ಕಲಿಸುವವರಿಗೆ ಒಂದು ಮಾತು: ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಅಂತ ಒಂದು ಆಯ್ಕೆ ಇದೆ. ಅದನ್ನು ಹಾಕದಿದ್ದರೆ ತಂಬೂರಿಯನ್ನೂ ಗದ್ದಲ ಎಂದುಕೊಂಡು ನುಂಗಿಬಿಡುತ್ತದೆ.)

ಹೊಲಿಸಿದ್ದು ನಮ್ಮೂರ ಟೈಲರ್ ಹತ್ತಿರ. ಕತ್ತರಿಸುವ ಮೊದಲು ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಕೊಟ್ಟೆ. ಖಾದಿ ಮೊದಲ ನೀರಿಗೆ ಕುಗ್ಗುತ್ತದೆ, ಇದನ್ನು ಮರೆಯಬೇಡಿ. ತೋಳು ಮುಕ್ಕಾಲು ಉದ್ದ, ಬಾಯಿ ಕಿರಿದು. ಅಗಲ ತೋಳಾದರೆ ಕೈ ಎತ್ತಿದಾಗ ಮಣಿಕಟ್ಟು ಮುಚ್ಚಿಹೋಗುತ್ತದೆ. ಕತ್ತು ಸ್ವಲ್ಪ ತೆರೆದಿರಲಿ ಎಂದೆ. ತಾರಸ್ವರಕ್ಕೆ ಹೋಗುವಾಗ ಗಂಟಲಿನ ನರ ಬಿಗಿಯಬಾರದು ಅಂತ ಮಕ್ಕಳಿಗೆ ಹೇಳುತ್ತೇನೆ, ಅದನ್ನು ನನ್ನ ಗಂಟಲಲ್ಲೇ ತೋರಿಸಬೇಕಲ್ಲ. ಟೈಲರ್ ಎರಡೇ ಸಲ ಕರೆಸಿ ಸರಿಯಾಗಿ ಹೊಲಿದುಕೊಟ್ಟಳು.

ಈಗ ಎಂಟು ತಿಂಗಳಾಯಿತು. ವಾರಕ್ಕೆ ಮೂರು ದಿನ ಇದೇ. ಕುಮಟಾದ ಹುಡುಗ ಖಾಲಿ ತಪ್ಪುವುದು ನಿಂತಿದೆ. ಅವನ ಸಾಧನೆಯೇ ದೊಡ್ಡದು, ಆದರೂ ಕೈ ಕಾಣುತ್ತಿದೆ ಅನ್ನುವ ನೆಮ್ಮದಿ ನನಗಿದೆ. ಫೋನನ್ನು ಮೂರು ಮಣೆ ಒಂದರ ಮೇಲೊಂದು ಇಟ್ಟು ಕಣ್ಣಿನ ಮಟ್ಟಕ್ಕೆ ತಂದಿದ್ದೇನೆ. ಹಿಂದೆ ಸುಣ್ಣ ಬಳಿದ ಗೋಡೆ. ಬಿಳಿ ಗೋಡೆ ಫೋನಿಗೆ ಮತ್ತೆ ದಾರಿ ತಪ್ಪಿಸುತ್ತಿತ್ತು, ಅದಕ್ಕೆ ಒಂದು ಹಳೆಯ ಕಂದು ಕಂಬಳಿ ಇಳಿಬಿಟ್ಟೆ. ನೀಲಿಗೂ ಅದಕ್ಕೂ ಚೆನ್ನಾಗಿ ಹೊಂದಿತು.

ದೋಷಗಳೂ ಇವೆ. ಮೊದಲ ಮೂರು ಒಗೆತದಲ್ಲಿ ಬಣ್ಣ ಬಿಟ್ಟಿತು, ಒಂದು ಬಿಳಿ ಟವೆಲ್ ಹಾಳಾಯಿತು. ಅಂಗಡಿಯವರು ಇದನ್ನು ಮೊದಲೇ ಹೇಳಬೇಕಿತ್ತು. ಮೊಣಕೈ ಹತ್ತಿರ ಬಣ್ಣ ಮಾಸಿದೆ, ಆದರೆ ಪರದೆಯಲ್ಲಿ ತಿಳಿಯುವುದಿಲ್ಲ. ಸುಕ್ಕು ಬೇಗ ಬೀಳುತ್ತದೆ, ಹೆಗಲ ಹತ್ತಿರದ ಸುಕ್ಕು ಕ್ಯಾಮೆರಾದಲ್ಲಿ ಎದ್ದು ಕಾಣುತ್ತದೆ. ರಾತ್ರಿಯೇ ಇಸ್ತ್ರಿ ಮಾಡಿಡಬೇಕು, ಬೆಳಿಗ್ಗೆ ಕರೆಂಟ್ ಇರುತ್ತದೆ ಅಂತ ನಂಬಿ ಕೂರಬೇಡಿ. ಎಲ್ಲಕ್ಕಿಂತ ದೊಡ್ಡ ತೊಂದರೆ ಜುಲೈ ತಿಂಗಳು. ದಪ್ಪ ಖಾದಿ ನಮ್ಮ ಮಳೆಗೆ ಮೂರು ದಿನವಾದರೂ ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲೆ ದಾರ ಕಟ್ಟಿ ಒಣಗಿಸಿದರೆ ಹೊಗೆ ವಾಸನೆ ಹಿಡಿಯುತ್ತದೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವವರಿಗೆ ಇದು ಸಮಸ್ಯೆ ಅಲ್ಲ. ಶಿರಸಿ, ಸಿದ್ದಾಪುರ ಕಡೆಯವರು ಒಂದನ್ನೇ ನಂಬಬೇಡಿ, ಎರಡಾದರೂ ಇರಲಿ.

ಹಾಗಂತ ಇಳಕಲ್ ಸೀರೆಯನ್ನು ಪೆಟ್ಟಿಗೆಗೆ ಹಾಕಿಲ್ಲ. ಅಣ್ಣನ ಮಗಳ ಜೊತೆ ಮತ್ತೆ ಕೂತು ನೋಡಿದೆ. ಚೌಕಳಿ ಇಲ್ಲದ, ಒಂದೇ ಬಣ್ಣದ ಒಡಲಿನ ಇಳಕಲ್ ಆದರೆ ಏನೂ ತೊಂದರೆ ಇಲ್ಲ. ಅಗಲ ಅಂಚು, ಕೆಂಪು ಸೆರಗು ಎರಡೂ ಚೌಕಟ್ಟಿನ ಒಂದು ಬದಿಗೆ ಬರುತ್ತವೆ, ಅಲೆ ಏಳುವುದಿಲ್ಲ. ಮುಂದಿನ ಗುರುಪೂರ್ಣಿಮೆಗೆ ಅಂಥದ್ದನ್ನು ಉಡುವುದು ಎಂದುಕೊಂಡಿದ್ದೇನೆ. ಖಣವನ್ನು ಮಾತ್ರ ಮಾರಿಕಾಂಬಾ ಜಾತ್ರೆಗೆ, ಮದುವೆ ಮನೆಗೆ ಇಟ್ಟುಕೊಂಡಿದ್ದೇನೆ. ಅದನ್ನು ಎದುರಿಗೆ ನಿಂತವರು ನೋಡಬೇಕು.

ಮೊನ್ನೆ ಮತ್ತೆ ಅಂಗಡಿಗೆ ಹೋಗಿದ್ದೆ. ಆ ದಿನದ ಬಾಟಲಿ ಹಸಿರು ಥಾನಿನಲ್ಲಿ ಎರಡು ಮೀಟರ್ ಮಾತ್ರ ಉಳಿದಿತ್ತು, ಕುರ್ತಾಕ್ಕೆ ಸಾಲದು. ಹೊಸ ಥಾನು ಬಂದ ಮೇಲೆ ತಿಳಿಸುತ್ತೇವೆ ಅಂತ ನನ್ನ ನಂಬರ್ ಬರೆದುಕೊಂಡಿದ್ದಾರೆ. ಬಂದರೂ ಹಾಗೇ ಕೊಳ್ಳುವುದಿಲ್ಲ. ಬಣ್ಣ ಹಾಕಿದ ಪ್ರತಿ ಸಲವೂ ಒಂದಿಷ್ಟು ಹೆಚ್ಚು ಕಡಿಮೆ ಆಗುತ್ತದೆ. ಬಾಗಿಲ ಹತ್ತಿರ ನಿಂತು, ಇನ್ನೊಮ್ಮೆ ಅವಳಿಗೆ ಕಾಲ್ ಮಾಡಿ, ಕೈ ಎತ್ತಿ ಒಂಬತ್ತನೆಯ ಮಾತ್ರೆಯ ಖಾಲಿ ತೋರಿಸಿ ಕೇಳುತ್ತೇನೆ.