ಇಂಕ್‌ಜೆಟ್ ಕೋಟಿಂಗ್ ಬಾಟ್ಲಿ: ಫಾಯಿಲಿಗೆ ಸೂಪರ್, ಅಡಿಕೆ ಹಾಳೆಗೆ ನಮಸ್ಕಾರ

ಇಂಕು ಹಿಡಿಯದ ಫಾಯಿಲಿನಂಥದ್ದಕ್ಕೆ ಹಚ್ಚಿ ಒಣಗಿಸಿ, ಆಮೇಲೆ ಮನೆ ಇಂಕ್‌ಜೆಟ್ ಪ್ರಿಂಟರಲ್ಲಿ ಅದರ ಮೇಲೆ ಫೋಟೋ ಪ್ರಿಂಟ್ ಹಾಕ್ಲಿಕ್ಕೆ ಇರೋ ದ್ರವ ಇದು. ಉಡುಪಿಯಲ್ಲಿ ಇರೋವ್ರು ಮಳೆಗಾಲದಲ್ಲಿ ಇದನ್ನ ತರಿಸ್ಬೇಡಿ, ತರಿಸಿದ್ರೂ ದೀಪಾವಳಿವರೆಗೆ ಕಪಾಟಲ್ಲೇ ಇರ್ಲಿ. ಬಾಟ್ಲಿ ಮೇಲೆ ಒಂದು ಗಂಟೆಯಲ್ಲಿ ಒಣಗ್ತದೆ ಅಂತ ಬರ್ದಿದ್ದಾರೆ, ಯಾವ ಊರಿನ ಗಂಟೆಯೋ, ನಮ್ಮಲ್ಲಿ ಜುಲೈಯಲ್ಲಿ ರಾತ್ರಿಯಿಡೀ ಫ್ಯಾನಿನಡಿ ಇಟ್ರೂ ಬೆಳಿಗ್ಗೆ ಬೆರಳಿಗೆ ಅಂಟ್ತಿತ್ತು. ಸಾಕು ಅಂತ ಹಚ್ಚಿದ ಫಾಯಿಲನ್ನ ಹಾಗೇ ಪ್ರಿಂಟರಿಗೆ ತುರುಕಿದೆ ಮಾರಾಯ್ರೆ, ಆಮೇಲೆ ಅರ್ಧ ದಿನ ರೋಲರ್ ಉಜ್ಜಿದ್ದೇ ಕೆಲಸ.

ಸರಿಯಾಗಿ ಒಣಗಿದ ಮೇಲೆ ಮಾತ್ರ ಎಂತ ಪ್ರಿಂಟ್! ಅಡುಗೆಮನೆ ಅಲ್ಯೂಮಿನಿಯಂ ಫಾಯಿಲನ್ನು ಸುಕ್ಕಿಲ್ಲದ ಹಾಗೆ ಎ4 ಕಾಗದಕ್ಕೆ ಅಂಟಿಸಿ, ಜಿಡ್ಡು ಹೋಗ್ಲಿಕ್ಕೆ ಸ್ಪಿರಿಟಲ್ಲಿ ಒರೆಸಿ, ಸ್ಪಾಂಜ್ ಬ್ರಷಲ್ಲಿ ಒಂದು ಕೋಟ್ ಅಡ್ಡಕ್ಕೆ, ಅದು ಒಣಗಿದ ಮೇಲೆ ಇನ್ನೊಂದು ಉದ್ದಕ್ಕೆ. ಬರೀ ಫಾಯಿಲಾದ್ರೆ ಇಂಕು ಕೆಸುವಿನೆಲೆ ಮೇಲಿನ ನೀರಿನ ಹಾಗೆ ಹನಿ ಹನಿ ನಿಲ್ತದೆ, ಈ ಕೋಟಿಂಗ್ ಅದನ್ನ ಹೀರಿ ಹಿಡ್ಕೊಳ್ತದೆ. ಮನೆ ಪ್ರಿಂಟರಲ್ಲಿ ಬಿಳಿ ಇಂಕ್ ಇಲ್ವಲ್ಲ, ಫೋಟೋದಲ್ಲಿ ಬಿಳಿ ಇರೋ ಕಡೆಯೆಲ್ಲ ಲೋಹವೇ ಕಾಣೋದು, ಹಾಗಾಗಿ ಯಕ್ಷಗಾನದ ವೇಷದ ಫೋಟೋ ಹಾಕಿದ್ರೆ ಕಿರೀಟ ರಂಗಸ್ಥಳದ ಲೈಟಿಗೆ ಹೊಳೆದ ಹಾಗೆ ಹೊಳೀತದೆ. ಹಲ್ಲು ಸಹ ಬೆಳ್ಳಿಯಾಗ್ತದೆ, ಅದು ಬೇರೆ ವಿಷಯ.

ಪ್ರಿಂಟರಿಗೆ ಹಿಂದಿನ ಟ್ರೇ ಇದ್ರೆ ಮಾತ್ರ ಇದೆಲ್ಲ ಮಾಡಿ, ಮುಂದಿನ ಟ್ರೇಯದ್ದು ಒಳಗೆ ಕಾಗದವನ್ನ ಯು ಹಾಗೆ ಬಗ್ಗಿಸ್ತದೆ, ಕೋಟಿಂಗ್ ಬಿರಿದ್ರೂ ಬಿರೀಬಹುದು. ಲೇಸರ್ ಪ್ರಿಂಟರಿಗಂತೂ ಹಾಕ್ಲೇಬೇಡಿ, ಒಳಗೆ ಬಿಸಿ ರೋಲರ್ ಉಂಟು, ಅಲ್ಲೇ ಕರಗಿ ಹಿಡ್ಕೊಳ್ತದೆ.

ಅಮ್ಮನ ಹಳೆ ಉಡುಪಿ ಕಾಟನ್ ಸೀರೆ ತುಂಡಿಗೂ ಹಚ್ಚಿ ನೋಡಿದೆ, ದುಡ್ಡು ದಂಡ. ಬಟ್ಟೆಗೆ ಗಂಜಿ ತಿಳಿ ಸಾಕು, ಕುಚ್ಚಲಕ್ಕಿದ್ದು ಬೇಡ ಕೆಂಪು ಬಣ್ಣ ಹಿಡೀತದೆ, ಬೆಳ್ತಿಗೆ ಅಂದ್ರೆ ಬಿಳಿ ಅಕ್ಕಿದ್ದು. ಅದರಲ್ಲಿ ಅದ್ದಿ ಒಣಗಿಸಿ ಇಸ್ತ್ರಿ ಹಾಕಿ, ನೇತಾಡೋ ದಾರ ಕತ್ತರಿಸಿ, ಎ4ಗೆ ಅಂಟಿಸುವಾಗ ಮೊದಲು ಒಳಗೆ ಹೋಗೋ ಅಂಚಿಗೆ ಪೂರ್ತಿ ಟೇಪ್ ಹಾಕಿ, ಇಲ್ದಿದ್ರೆ ಬಟ್ಟೆ ಎದ್ದು ಇಂಕು ಬಿಡೋ ಹೆಡ್ಡಿಗೆ ತಾಗ್ತದೆ. ನನ್ನ ಪ್ರಿಂಟರಿದ್ದು ಡೈ ಇಂಕ್, ಅಂದ್ರೆ ನೀರಲ್ಲಿ ಕರಗೋ ಬಣ್ಣದ್ದು, ಒಗೆದ್ರೆ ಬಣ್ಣ ಬಿಡ್ತದೆ, ಫ್ರೇಮಿಗಷ್ಟೇ ಆದೀತು.

ಅಡಿಕೆ ಹಾಳೆಯ ಆಸೆ ಬಿಟ್ಟೆ. ನೀರಲ್ಲಿ ನೆನೆಸಿ ಕಡೆಯುವ ಕಲ್ಲಿನಡಿ ಎರಡು ದಿನ ಇಟ್ರೂ ಒಣಗುವಾಗ ಪುನಃ ಮುರುಟ್ತದೆ, ಮೇಲಿಂದ ಅಷ್ಟು ದಪ್ಪ ಮನೆ ಪ್ರಿಂಟರೊಳಗೆ ಹೋಗೋದೇ ಇಲ್ಲ. ಎರಡು ಕೋಟ್ ಹಚ್ಚಿದ ಆ ಹಾಳೆಯಲ್ಲಿ ಅಮ್ಮ ಈಗ ಬಚ್ಚಲೊಲೆಗೆ ಗಾಳಿ ಹಾಕ್ತಿದ್ದಾರೆ.