ದಿವಾಳಿ ಅರ್ಜಿ ಹಾಕಿದ ಮಾತ್ರಕ್ಕೆ ಸಾಲ ತೀರುವುದಿಲ್ಲ

ಕಾರವಾರದ ಬೈತಖೋಲ ಬಂದರಿನ ಬಳಿ ನನ್ನದು ಬಲೆ, ಹಗ್ಗ, ಬೋಟಿನ ಬಿಡಿಭಾಗಗಳ ಅಂಗಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಉದ್ರಿ ಕೊಟ್ಟದ್ದೆಲ್ಲ ಮಳೆಗಾಲ ಮುಗಿದ ಮೇಲೆಯೇ ಕೈಸೇರಬೇಕು. ಎರಡು ಹಂಗಾಮು ಮೀನು ಕೈಕೊಟ್ಟಿತು, ಉದ್ರಿ ಮುಳುಗಿತು. ನನ್ನ ಸಾಲಕ್ಕೆ ಮಾತ್ರ ಬಡ್ಡಿ ಏರುತ್ತಲೇ ಹೋಯಿತು.

ಆಗ ಗಂಟುಬಿದ್ದ ಮಧ್ಯವರ್ತಿಯೊಬ್ಬ, "ದಿವಾಳಿ ಅರ್ಜಿ ಹಾಕಿಬಿಡಿ, ಆರು ತಿಂಗಳಲ್ಲಿ ಎಲ್ಲ ಮನ್ನಾ" ಎಂದ. ಅವನು ವಕೀಲನೂ ಅಲ್ಲವೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅವನ ಮಾತು ಕೇಳಿ ಅಂಕೋಲೆಯ ಕಡೆಯ ಐದು ಗುಂಟೆ ಜಾಗವನ್ನು ತಮ್ಮನ ಹೆಸರಿಗೆ ದಾನಪತ್ರ ಮಾಡಿದೆ. ಜೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಅವನು ಬೆರಳಿಟ್ಟು ತೋರಿಸಿದಲ್ಲೆಲ್ಲ ಓದದೆ ಸಹಿ ಹಾಕಿದೆ.

2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು 2019ರ ಡಿಸೆಂಬರ್ 1ರಿಂದ ಕಂಪನಿ ಸಾಲಗಳಿಗೆ ಜಾಮೀನು ನಿಂತವರಿಗಷ್ಟೇ ಜಾರಿಗೆ ಬಂದಿತ್ತು. ನನ್ನಂಥವರಿಗೆ ಉಳಿದದ್ದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ. ಅದರ ಪ್ರಕಾರ ಅರ್ಜಿಯಲ್ಲಿ ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ಬಾಕಿ ಮೊತ್ತ ಹಾಗೂ ನಮ್ಮ ಆಸ್ತಿಯ ವಿವರ, ಬೆಲೆ ಇರಬೇಕು. ವಿಚಾರಣೆಯ ನಂತರ ನ್ಯಾಯಾಲಯವು ದಿವಾಳಿಯೆಂದು ಘೋಷಿಸಿದರೆ ಆಸ್ತಿಯು ನ್ಯಾಯಾಲಯ ನೇಮಿಸುವ ರಿಸೀವರ್ ವಶಕ್ಕೆ ಹೋಗುತ್ತದೆ. ಆದರೆ ಅಡವು ಇಟ್ಟ ಆಸ್ತಿಯ ಮೇಲಿನ ಬ್ಯಾಂಕಿನ ಹಕ್ಕು ಹಾಗೆಯೇ ಇರುತ್ತದೆ. ಚೆಕ್ ಬೌನ್ಸ್ ಮೊಕದ್ದಮೆಯೂ ಇದರಿಂದ ನಿಲ್ಲುವುದಿಲ್ಲ.

ನನ್ನ ದಾನಪತ್ರದ ಗತಿ ಏನಾಯಿತೆಂದರೆ, ಆಸ್ತಿ ಪುಕ್ಕಟೆ ವರ್ಗಾಯಿಸಿ ಎರಡು ವರ್ಷದೊಳಗೆ ಹಾಕಿದ ಅರ್ಜಿಯ ಮೇಲೆ ದಿವಾಳಿ ಘೋಷಣೆಯಾದರೆ ಆ ವರ್ಗಾವಣೆಯನ್ನು ರದ್ದುಪಡಿಸಬಹುದೆಂಬ ಕಲಂ 53 ಅದರ ಮೇಲೆಯೇ ಬಿದ್ದಿತು. ಜಾಗ ಹೋಯಿತು, ತಮ್ಮನೂ ಕೋರ್ಟಿನ ಕಟ್ಟೆ ಹತ್ತಬೇಕಾಯಿತು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಘೋಷಣೆಯೇ ಕೊನೆಯಲ್ಲ, ಸಾಲದಿಂದ ಬಿಡುಗಡೆ ಕೊಡುವುದು ನ್ಯಾಯಾಲಯದ ಡಿಸ್ಚಾರ್ಜ್ ಆದೇಶ. ಅದಕ್ಕೆ ಯಾವಾಗಿನೊಳಗೆ ಅರ್ಜಿ ಹಾಕಬೇಕೆಂದು ಘೋಷಣೆಯ ಆದೇಶದಲ್ಲಿಯೇ ಬರೆದಿರುತ್ತದೆ. ನನ್ನ ಪ್ರತಿ ಮಧ್ಯವರ್ತಿಯ ಕಬ್ಬಿಣದ ಕಪಾಟಿನಲ್ಲಿತ್ತು. ಗಡುವು ದಾಟಿತು, ಘೋಷಣೆ ರದ್ದಾಯಿತು, ಸಾಲ ಕೊಟ್ಟವರೆಲ್ಲ ಮತ್ತೆ ಬಾಗಿಲಿಗೆ ಬಂದರು.

ನನ್ನ ಸಂಘದ ಸಾಲಕ್ಕೆ ಜಾಮೀನು ನಿಂತ ಮಾಸ್ತರರಿಗಂತೂ ನಡುವೆ ಒಂದು ದಿನದ ಬಿಡುವೂ ಸಿಕ್ಕಿರಲಿಲ್ಲ, ಡಿಸ್ಚಾರ್ಜ್ ಸಿಕ್ಕಿದ್ದರೂ ಸಿಗುತ್ತಿರಲಿಲ್ಲ. ಸಾಲಗಾರನ ಬಿಡುಗಡೆ ಜಾಮೀನುದಾರನಿಗೆ ಅನ್ವಯಿಸುವುದಿಲ್ಲ. ಪ್ರತಿ ತಿಂಗಳೂ ಅವರ ಪಗಾರದಿಂದ ಸಂಘದ ಕಂತು ಕಡಿತವಾಗುತ್ತಿದೆ.

ಈಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಸಿಕ್ಕ ವಕೀಲರು ನನ್ನ ಕಾಗದಗಳನ್ನು ನೋಡುತ್ತಿದ್ದಾರೆ. ಹೀಗೆ ಘೋಷಣೆ ರದ್ದಾದವನು ಮತ್ತೆ ಅರ್ಜಿ ಹಾಕಬೇಕಾದರೆ ಮೊದಲು ನ್ಯಾಯಾಲಯದ ಅನುಮತಿ ಬೇಕು, ಗಡುವು ತಪ್ಪಿದ್ದಕ್ಕೆ ಸಕಾರಣವನ್ನೂ ತೋರಿಸಬೇಕು. "ಮಧ್ಯವರ್ತಿಯನ್ನು ನಂಬಿದ್ದೆ ಎಂದರೆ ಸಾಲದು, ಬೇರೆ ಏನಾದರೂ ಇದೆಯೇ, ನೆನಪು ಮಾಡಿಕೊಳ್ಳಿ" ಎಂದು ಅವರು ಎರಡು ಸಲ ಕೇಳಿದ್ದಾರೆ.